ಗುರಿ ಯಾರದು, ದುಡಿಮೆ ಯಾರದು?

ಮಾರ್ಚ್ ತಿಂಗಳ ಕೊನೆಯ ವಾರ ಬಂತೆಂದರೆ ನಮ್ಮ ನಗರಗಳ ಎಷ್ಟೋ ಮನೆಗಳಲ್ಲಿ ಒಂದು ಬಗೆಯ ತಳಮಳ ತಲೆದೋರುತ್ತದೆ. ಬ್ಯಾಂಕಿನಲ್ಲಿ ದುಡಿಯುವ ಮಗಳು ರಾತ್ರಿ ಒಂಬತ್ತಾದರೂ ಮನೆ ಸೇರುವುದಿಲ್ಲ. ಔಷಧ ಕಂಪನಿಯ ಪ್ರತಿನಿಧಿಯಾಗಿರುವ ಅಳಿಯ ಹಬ್ಬಕ್ಕೆ ಬರುತ್ತೇನೆಂದವನು ಬರುವುದಿಲ್ಲ. ದೂರದ ನೆಂಟರೊಬ್ಬರು ಅಪರೂಪಕ್ಕೆ ಮನೆಗೆ ಬಂದು, ಕಾಫಿ ಕುಡಿದು, ಕುಶಲ ವಿಚಾರಿಸಿ, ಕೊನೆಗೆ ಚೀಲದಿಂದ ವಿಮೆಯ ಅರ್ಜಿಯೊಂದನ್ನು ಹೊರತೆಗೆಯುತ್ತಾರೆ. ಈ ಎಲ್ಲ ಗಡಿಬಿಡಿಯ ಹಿಂದೆ ಇರುವುದು ಒಂದೇ ವಸ್ತು: ಗುರಿ. ಇಂಗ್ಲಿಷಿನಲ್ಲಿ ಟಾರ್ಗೆಟ್ ಎಂದು ಕರೆಯಿಸಿಕೊಂಡು, ಇಂಗ್ಲಿಷ್ ಬಾರದ ಅಜ್ಜಿಯಂದಿರ ಬಾಯಲ್ಲಿಯೂ ನೆಲೆ ನಿಂತಿರುವ ಆ ಒಂದು ಅಂಕಿ.

ಈ ಅಂಕಿ ಎಲ್ಲಿಂದ ಬರುತ್ತದೆ? ದೂರದ ಊರಿನ ಕಚೇರಿಯಲ್ಲಿ ಕುಳಿತವರು ಇಡೀ ಕಂಪನಿಗೆಂದು ನಿಶ್ಚಯಿಸಿದ ಕೋಟ್ಯಂತರ ರೂಪಾಯಿಗಳ ಮೊತ್ತ, ಬೇಸಿಗೆಯ ಬಿಸಿಲಿನಲ್ಲಿ ಸ್ಕೂಟರ್ ಓಡಿಸುವ ಒಬ್ಬ ಯುವಕನ ದಿನದ ಕೆಲಸವಾಗಿ ಮಾರ್ಪಡುವುದು ಹೇಗೆ? ಅದು ನ್ಯಾಯವಾಗಿ ಮಾರ್ಪಟ್ಟರೆ ಏನಾಗುತ್ತದೆ, ಅನ್ಯಾಯವಾಗಿ ಮಾರ್ಪಟ್ಟರೆ ಏನಾಗುತ್ತದೆ? ವ್ಯಾಪಾರಿಗಳ ಚಿಂತೆಯೆಂದು ಇದನ್ನು ಬದಿಗೆ ಸರಿಸುವಂತಿಲ್ಲ. ನಮ್ಮ ಮನೆಯ ಮಕ್ಕಳಲ್ಲಿ ಅನೇಕರು ಇಂದು ಈ ಅಂಕಿಯ ಅಡಿಯಲ್ಲಿ ಬದುಕುತ್ತಿದ್ದಾರೆ. ಉಳಿದವರು ಆ ಅಂಕಿ ಬಂದು ಬಾಗಿಲು ತಟ್ಟುವ ಮನೆಗಳಲ್ಲಿ ವಾಸವಾಗಿದ್ದೇವೆ.

ಡೇಟನ್ ನಗರದ ಗಲ್ಲಾಪೆಟ್ಟಿಗೆ

ಮಾರಾಟದ ಕೋಟಾ ಎಂಬ ಪದ್ಧತಿಯ ಚರಿತ್ರೆಯನ್ನು ಹುಡುಕಿ ಹೊರಟವರು ಅಮೆರಿಕದ ಓಹಾಯೋ ಸಂಸ್ಥಾನದ ಡೇಟನ್ ನಗರಕ್ಕೆ ಹೋಗಬೇಕಾಗುತ್ತದೆ. ಅಲ್ಲಿ ಜೇಮ್ಸ್ ರಿಟಿ ಎಂಬ ಪಾನಗೃಹದ ಒಡೆಯನಿದ್ದ. ಅವನ ಅಂಗಡಿಗೆ ಗಿರಾಕಿಗಳು ಧಾರಾಳವಾಗಿ ಬರುತ್ತಿದ್ದರೂ ಲಾಭ ಮಾತ್ರ ಗಲ್ಲಾಪೆಟ್ಟಿಗೆ ಸೇರುತ್ತಿರಲಿಲ್ಲ. ನಡುವೆ ಸಿಬ್ಬಂದಿಯ ಜೇಬಿನಲ್ಲಿ ಇಳಿದುಹೋಗುತ್ತಿತ್ತು. ಒಮ್ಮೆ ಹಡಗಿನ ಪ್ರಯಾಣದಲ್ಲಿ, ಹಡಗಿನ ಚಾಲಕಚಕ್ರ ಎಷ್ಟು ಸುತ್ತು ತಿರುಗಿತೆಂಬುದನ್ನು ಎಣಿಸುವ ಯಂತ್ರವನ್ನು ಆತ ಕಂಡನಂತೆ. ಚಕ್ರದ ಸುತ್ತನ್ನು ಎಣಿಸಬಹುದಾದರೆ ಹಣವನ್ನೇಕೆ ಎಣಿಸಬಾರದು? ೧೮೭೯ರಲ್ಲಿ ಅವನ ನಗದು ಯಂತ್ರಕ್ಕೆ ಹಕ್ಕುಪತ್ರ ದೊರೆಯಿತು.

ಯಂತ್ರ ಹುಟ್ಟಿತು, ಕೊಳ್ಳುವವರು ಹುಟ್ಟಲಿಲ್ಲ. ೧೮೮೪ರಲ್ಲಿ ಆ ವ್ಯವಹಾರದ ಹೆಚ್ಚಿನ ಪಾಲನ್ನು ೬,೫೦೦ ಡಾಲರುಗಳಿಗೆ ಕೊಂಡವನು ಜಾನ್ ಹೆನ್ರಿ ಪ್ಯಾಟರ್ಸನ್. ಆತ ಕಲ್ಲಿದ್ದಲಿನ ವ್ಯಾಪಾರಿ. ತನ್ನ ಅಂಗಡಿಯಲ್ಲಿ ಇಂಥ ಯಂತ್ರಗಳನ್ನಿಟ್ಟು ನಷ್ಟವನ್ನು ತಡೆದು ಅದರ ಪ್ರಯೋಜನ ಕಂಡವನು. ಕೊಂಡ ಸಂಸ್ಥೆಗೆ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿ ಎಂದು ಹೆಸರಿಟ್ಟ. ಯಂತ್ರವನ್ನು ಮಾಡುವುದಕ್ಕಿಂತ ಮಾರುವುದೇ ಕಷ್ಟವೆಂದು ಅವನಿಗೆ ಬೇಗನೆ ಮನವರಿಕೆಯಾಯಿತು. ಕಾರಣವೂ ಇತ್ತು. ಅಂಗಡಿಯ ಒಡೆಯನಿಗೆ ಇದೊಂದು ಅನವಶ್ಯಕವಾದ ವೆಚ್ಚ. ಅಂಗಡಿಯ ನೌಕರನಿಗೆ ಇದೊಂದು ಅವಮಾನ. ಮಾರಾಟಗಾರನು ಬಾಗಿಲಲ್ಲಿ ಕಾಣಿಸಿಕೊಂಡರೆ ಇಬ್ಬರೂ ಮುಖ ತಿರುಗಿಸುತ್ತಿದ್ದರು.

ಪ್ಯಾಟರ್ಸನ್ ಕ್ರಮವಾಗಿ ನಾಲ್ಕು ಕೆಲಸಗಳನ್ನು ಮಾಡಿದ. ಇಂದಿನ ಯಾವ ಕಂಪನಿಯ ಮಾರಾಟ ವಿಭಾಗವನ್ನು ನೋಡಿದರೂ ಅದರ ಅಡಿಪಾಯದಲ್ಲಿ ಈ ನಾಲ್ಕು ಕಲ್ಲುಗಳು ಸಿಕ್ಕುತ್ತವೆ.

ಮೊದಲನೆಯದು, ಪ್ರತಿಯೊಬ್ಬ ಮಾರಾಟಗಾರನಿಗೂ ಅವನದೇ ಆದ ಒಂದು ಸೀಮೆ. ಆ ಸೀಮೆಯೊಳಗೆ ಯಂತ್ರವನ್ನು ಯಾರೇ ಮಾರಲಿ, ಕಮಿಷನ್ ಅವನಿಗೇ ಸಲ್ಲತಕ್ಕದ್ದು. ಇದರಿಂದ ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಸೆಳೆಯುವ ಒಳಜಗಳ ತಪ್ಪಿತು; ಕಂಡುಕೊಂಡ ಉಪಾಯವನ್ನು ಬಚ್ಚಿಡದೆ ಒಬ್ಬರಿಗೊಬ್ಬರು ಹೇಳಿಕೊಡುವುದಕ್ಕೆ ಅಡ್ಡಿಯಿಲ್ಲವಾಯಿತು.

ಎರಡನೆಯದು, ಪಾಠ. ಕಂಪನಿಯ ಅತ್ಯುತ್ತಮ ಮಾರಾಟಗಾರರಲ್ಲಿ ಒಬ್ಬನಾಗಿದ್ದ ಪ್ಯಾಟರ್ಸನ್ನನ ಭಾವಮೈದುನ ಜೋಸೆಫ್ ಕ್ರೇನ್, ತಾನು ಗಿರಾಕಿಯೊಡನೆ ಆಡುವ ಮಾತುಗಳನ್ನು ಬರೆದುಕೊಟ್ಟ. ೧೮೮೭ರಲ್ಲಿ ಅದು ಪುಟ್ಟ ಪುಸ್ತಕವಾಗಿ ಅಚ್ಚಾಯಿತು. ಮಾರಾಟಗಾರರೆಲ್ಲರೂ ಅದನ್ನು ಬಾಯಿಪಾಠ ಮಾಡಬೇಕೆಂದು ಅಪ್ಪಣೆಯಾಯಿತು. ನುರಿತವರು ಗೊಣಗಿದರು, ಪ್ಯಾಟರ್ಸನ್ ಮಣಿಯಲಿಲ್ಲ. ೧೮೯೪ರಲ್ಲಿ ಮಾರಾಟಗಾರರಿಗಾಗಿಯೇ ಒಂದು ಶಾಲೆಯೂ ಪ್ರಾರಂಭವಾಯಿತು.

ಮೂರನೆಯದು ಕೋಟಾ. ಆಯಾ ಸೀಮೆಯ ಜನಸಂಖ್ಯೆ, ಅಲ್ಲಿಯ ವ್ಯಾಪಾರದ ಸ್ಥಿತಿಗತಿ ಇವುಗಳನ್ನು ಲೆಕ್ಕ ಹಾಕಿ, ಇಷ್ಟು ಮಾರಬಹುದೆಂದು ಸೀಮೆಗೊಂದು ಅಂಕಿಯನ್ನು ಗೊತ್ತುಮಾಡಿದರು. ನಾಲ್ಕನೆಯದು ಮನ್ನಣೆ. ಕೋಟಾ ಮುಟ್ಟಿದವರಿಗಾಗಿ ಒಂದು ಕೂಟ ಏರ್ಪಟ್ಟಿತು. ನೂರು ಅಂಕದವರ ಕೂಟವೆಂದು ಅದರ ಹೆಸರು.

ಇಲ್ಲಿ ವಾಚಕರು ಗಮನಿಸಬೇಕಾದ ಒಂದು ಸಂಗತಿಯುಂಟು. ಕೋಟಾ ಎಂಬುದು ಈ ಪಟ್ಟಿಯಲ್ಲಿ ಮೂರನೆಯದು. ಅದಕ್ಕೆ ಮೊದಲು ಸೀಮೆಯನ್ನು ಕೊಟ್ಟಾಗಿತ್ತು, ವಿದ್ಯೆಯನ್ನು ಕೊಟ್ಟಾಗಿತ್ತು. ಅನಂತರ ಬಂದ ಅನೇಕ ಕಂಪನಿಗಳು ಮೊದಲಿನ ಎರಡನ್ನು ಮರೆತು ಅಂಕಿಯನ್ನು ಮಾತ್ರ ನಕಲು ಮಾಡಿಕೊಂಡವು. ಹೊಲವನ್ನೂ ನೇಗಿಲನ್ನೂ ಕೊಡದೆ ಸುಗ್ಗಿಯ ಲೆಕ್ಕ ಕೇಳಿದಂತೆ!

ಜೊತೆಗೆ ಹೋದ ಮೇಲಧಿಕಾರಿ

ಈ ಕಂಪನಿಯ ಬಫಲೋ ಶಾಖೆಗೆ ೧೮೯೦ರ ದಶಕದ ಮಧ್ಯದಲ್ಲಿ ಥಾಮಸ್ ವಾಟ್ಸನ್ ಎಂಬ ಯುವಕ ಕೆಲಸಕ್ಕೆ ಸೇರಿದ. ಪ್ರಾರಂಭದ ದಿನಗಳಲ್ಲಿ ಅವನು ಒಂದು ಯಂತ್ರವನ್ನೂ ಮಾರಲಾರದೆ ಹೋದ. ಶಾಖೆಯ ಮುಖ್ಯಸ್ಥನಾದ ಜಾನ್ ರೇಂಜ್ ಅವನನ್ನು ಕೂರಿಸಿಕೊಂಡು ನೀರಿಳಿಸಿದ. ಯುವಕ ಕೆಲಸ ಬಿಟ್ಟು ಹೋಗಲು ಸಿದ್ಧನಾಗಿದ್ದ. ಆಗ ರೇಂಜ್ ತನ್ನ ಧಾಟಿಯನ್ನು ಬದಲಿಸಿ, “ನಡೆ, ನಾನೂ ಬರುತ್ತೇನೆ” ಎಂಬ ಅರ್ಥದ ಮಾತಾಡಿ, ಯಂತ್ರವನ್ನು ಗಾಡಿಯಲ್ಲಿ ಇಟ್ಟುಕೊಂಡು ಅವನ ಜೊತೆಯಲ್ಲಿ ಅಂಗಡಿ ಅಂಗಡಿಗೂ ತಿರುಗಿದ. ಗಿರಾಕಿಯೊಡನೆ ಹೇಗೆ ಮಾತಾಡಬೇಕೆಂಬುದನ್ನು ಅವನ ಕಣ್ಣೆದುರಿನಲ್ಲಿಯೇ ಆಡಿ ತೋರಿಸಿದ. ಕೆಲವೇ ವರ್ಷಗಳಲ್ಲಿ ವಾಟ್ಸನ್ ಆ ಕಂಪನಿಯ ಅಗ್ರಗಣ್ಯ ಮಾರಾಟಗಾರರ ಸಾಲಿಗೆ ಬಂದ.

೧೯೧೪ರಲ್ಲಿ ವಾಟ್ಸನ್ ಬೇರೊಂದು ಸಂಸ್ಥೆಯ ಆಡಳಿತವನ್ನು ವಹಿಸಿಕೊಂಡ. ೧೯೨೪ರಲ್ಲಿ ಅದರ ಹೆಸರು ಬದಲಾಯಿತು: ಐಬಿಎಂ. ಪ್ಯಾಟರ್ಸನ್ನನ ಕೂಟವನ್ನು ಹೋಲುವಂತೆ, ನೂರಕ್ಕೆ ನೂರು ಸಾಧಿಸಿದವರ ಕೂಟವೊಂದು ಅಲ್ಲಿಯೂ ಹುಟ್ಟಿಕೊಂಡಿತು. ವಾಟ್ಸನ್ನನಿಗೆ ರೇಂಜ್ ಕಲಿಸಿದ್ದು ಏನು? ಗುರಿಯನ್ನು ವಿಧಿಸುವವನು ಆ ಗುರಿಯ ದಾರಿಯಲ್ಲಿ ತಾನೂ ನಾಲ್ಕು ಹೆಜ್ಜೆ ನಡೆದು ತೋರಿಸಬೇಕು. “ಮುಂದೆ ಗುರಿ, ಹಿಂದೆ ಗುರು” ಎಂದು ನಮ್ಮ ಹಿರಿಯರು ಜೋಡಿಸಿ ಹೇಳಿದ್ದು ಸುಮ್ಮನೆ ಅಲ್ಲ.

ಆದರೆ ಚಿತ್ರದ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಸತ್ಯಕ್ಕೆ ಅಪಚಾರವಾದೀತು. ಹೇಗಾದರೂ ಗೆಲ್ಲಲೇಬೇಕೆಂಬ ಹಟ ಆ ಕಂಪನಿಯನ್ನು ಅಡ್ಡದಾರಿಗೂ ಎಳೆಯಿತು. ಹಳೆಯ ಯಂತ್ರಗಳನ್ನು ಮಾರುತ್ತಿದ್ದ ಪ್ರತಿಸ್ಪರ್ಧಿಗಳನ್ನು ಮುಳುಗಿಸುವುದಕ್ಕಾಗಿ, ಸಂಬಂಧವೇ ಇಲ್ಲವೆಂಬಂತೆ ಬೇರೆ ಹೆಸರಿನಲ್ಲಿ ಒಂದು ವ್ಯಾಪಾರವನ್ನು ತೆರೆಯಿಸಿದರು. ಅದನ್ನು ನಡೆಸಿದವನು ಇದೇ ವಾಟ್ಸನ್. ೧೯೧೩ರಲ್ಲಿ ಪ್ಯಾಟರ್ಸನ್, ವಾಟ್ಸನ್ ಮತ್ತು ಅವರ ಅನೇಕ ಸಹೋದ್ಯೋಗಿಗಳು ಸ್ಪರ್ಧೆಯನ್ನು ಅಕ್ರಮವಾಗಿ ಹತ್ತಿಕ್ಕಿದರೆಂದು ನ್ಯಾಯಾಲಯ ತೀರ್ಪಿತ್ತಿತು. ೧೯೧೫ರಲ್ಲಿ ಮೇಲ್ಮನವಿಯಲ್ಲಿ ಆ ತೀರ್ಪು ರದ್ದಾಯಿತೆಂಬುದು ನಿಜ. ಆದರೂ ಒಂದು ಎಚ್ಚರಿಕೆ ಉಳಿಯಿತು: ಗುರಿ ಹರಿತವಾದಷ್ಟೂ ಕೈ ಕೊಯ್ದುಕೊಳ್ಳುವ ಭಯವೂ ಹೆಚ್ಚು.

ಮರದ ದಿಮ್ಮಿಗಳ ಸಾಕ್ಷ್ಯ

ಗುರಿಯಿಂದ ಕೆಲಸ ಹೆಚ್ಚುವುದು ನಿಜವೇ, ಅಥವಾ ಅದು ಮಾಲೀಕರ ಭ್ರಮೆಯೇ? ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದವರಲ್ಲಿ ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಎಂಬ ಮನಶ್ಶಾಸ್ತ್ರಜ್ಞರು ಮುಖ್ಯರು. “ನಿನ್ನ ಕೈಲಾದಷ್ಟು ಮಾಡು” ಎಂದು ಹೇಳಿಸಿಕೊಂಡವನಿಗಿಂತ, ನಿರ್ದಿಷ್ಟವಾದ ಮತ್ತು ಸ್ವಲ್ಪ ಕಠಿಣವಾದ ಗುರಿಯನ್ನು ಒಪ್ಪಿಕೊಂಡವನು ಹೆಚ್ಚು ಸಾಧಿಸುತ್ತಾನೆಂಬುದು ಅವರ ಸಿದ್ಧಾಂತ.

ಅಮೆರಿಕದ ಓಕ್ಲಹೋಮಾದಲ್ಲಿ ಲೇಥಮ್ ನಡೆಸಿ ೧೯೭೫ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಬಹು ಸ್ವಾರಸ್ಯವಾದದ್ದು. ಕಾಡಿನಿಂದ ಮರದ ದಿಮ್ಮಿಗಳನ್ನು ಸಾಗಿಸುವ ಲಾರಿಗಳು ಕಾನೂನು ಒಪ್ಪುವ ಭಾರದಲ್ಲಿ ನೂರಕ್ಕೆ ಸುಮಾರು ೬೦ ಪಾಲನ್ನು ಮಾತ್ರ ಹೊರುತ್ತಿದ್ದವು. ಚಾಲಕರಿಗೆ ಹೇಳಿದ್ದು, “ಆದಷ್ಟು ತುಂಬಿ” ಎಂದು. ಅವರು ಆದಷ್ಟು ತುಂಬುತ್ತಲೇ ಇದ್ದರು! ಮುಂದೆ ಅವರಿಗೆ ಸ್ಪಷ್ಟವಾದ ಗುರಿಯನ್ನು ಕೊಟ್ಟರು: ನೂರಕ್ಕೆ ೯೪. ಹೆಚ್ಚಿನ ಕೂಲಿಯಿಲ್ಲ, ಮುಟ್ಟದವರಿಗೆ ದಂಡವೂ ಇಲ್ಲ. ಮುಟ್ಟಿದರೆ ಒಂದು ಒಳ್ಳೆಯ ಮಾತು, ಅಷ್ಟೆ. ಮೊದಲ ತಿಂಗಳು ಭಾರ ೮೦ರ ಸಮೀಪಕ್ಕೆ ಏರಿತು. ಎರಡನೆಯ ತಿಂಗಳು ೭೦ಕ್ಕೆ ಇಳಿಯಿತು. ದಂಡವಿಲ್ಲವೆಂಬ ಮಾತು ನಿಜವೇ ಎಂದು ಚಾಲಕರು ಮೇಲಿನವರನ್ನು ಪರೀಕ್ಷಿಸಿದ ತಿಂಗಳದು. ಮಾತು ನಿಜವೆಂದು ಖಚಿತವಾದ ಮೇಲೆ, ಮೂರನೆಯ ತಿಂಗಳಲ್ಲಿ ಭಾರ ೯೦ನ್ನು ದಾಟಿತು, ಅಲ್ಲಿಯೇ ನಿಂತಿತು.

ಅಂಕಿ ಸ್ಪಷ್ಟವಾಗಿತ್ತು. ಅದನ್ನು ಮುಟ್ಟುವುದು ಚಾಲಕನ ಕೈಯಲ್ಲಿಯೇ ಇತ್ತು. ಏಕೆಂದರೆ ತುಂಬುವವನೇ ಅವನು. ಫಲ ಆಗಿಂದಾಗ್ಗೆ ಅವನ ಕಣ್ಣಿಗೆ ಬೀಳುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಎರಡನೆಯ ತಿಂಗಳಿನಲ್ಲಿ ಯಾರೂ ಅವನ ಮೇಲೆ ಎರಗಿ ಬೀಳಲಿಲ್ಲ. ಗುರಿಯ ಯಶಸ್ಸು ನಂಬಿಕೆಯ ಮೇಲೆ ನಿಂತಿತ್ತು.

ಉಡುಪಿಯ ಎರಡಾಣೆ

ಇಷ್ಟು ದೂರ ಹೋಗಿ ನೋಡಿದ ವಿಷಯಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಉಜ್ವಲವಾದ ನಿದರ್ಶನವುಂಟು. ೧೯೨೫ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ. ಎಂ. ಎ. ಪೈ ಅವರು ೮,೦೦೦ ರೂಪಾಯಿಗಳ ಬಂಡವಾಳದಿಂದ, ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಸ್ಥಾಪಿಸಿದರು. ಮುಂದೆ ಇದೇ ಸಿಂಡಿಕೇಟ್ ಬ್ಯಾಂಕ್ ಎಂದು ದೇಶಕ್ಕೆಲ್ಲ ಪರಿಚಿತವಾಗಿ, ೨೦೨೦ರ ಏಪ್ರಿಲ್ ೧ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

೧೯೨೮ರಲ್ಲಿ ಈ ಬ್ಯಾಂಕು ಪಿಗ್ಮಿ ಠೇವಣಿಯೆಂಬ ಯೋಜನೆಯನ್ನು ತಂದಿತು. ಬ್ಯಾಂಕಿನ ಮೆಟ್ಟಿಲನ್ನೇ ಹತ್ತದಿದ್ದ ಜನ. ದಿನಗೂಲಿಯವರು, ಪುಟ್ಟ ಅಂಗಡಿಯವರು, ಮನೆವಾರ್ತೆಯಲ್ಲಿ ನಾಲ್ಕು ಕಾಸು ಉಳಿಸುವ ಗೃಹಿಣಿಯರು. ಇವರ ಬಾಗಿಲಿಗೆ ಏಜೆಂಟನು ಪ್ರತಿದಿನವೂ ಹೋಗಿ, ಎರಡಾಣೆಯಷ್ಟು ಕಿರಿದಾದ ಮೊತ್ತವನ್ನೂ ಸಂಗ್ರಹಿಸಿ ತರುವುದೇ ಯೋಜನೆಯ ತಿರುಳು. ದಿನಕ್ಕೆ ಎರಡಾಣೆಯೆಂದರೆ ಮೂವತ್ತು ದಿನಗಳಿಗೆ ೩ ರೂಪಾಯಿ ೧೨ ಆಣೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ.

ಠೇವಣಿ ಎಂಬ ದೊಡ್ಡ ಗುರಿ ಇಲ್ಲಿ ಎಷ್ಟು ಸಹಜವಾಗಿ ಒಬ್ಬ ಮನುಷ್ಯನ ದಿನಚರಿಯಾಯಿತು ನೋಡಿ. ಏಜೆಂಟನಿಗೆ ಲಕ್ಷದ ಲೆಕ್ಕವನ್ನು ಒಪ್ಪಿಸಬೇಕಾಗಿರಲಿಲ್ಲ. ಇಂದು ಇಷ್ಟು ಮನೆಗಳಿಗೆ ತಪ್ಪದೆ ಹೋದೆನೇ ಎಂಬುದೇ ಅವನ ಲೆಕ್ಕ. ಗಿರಾಕಿಯ ಉಳಿತಾಯ, ಏಜೆಂಟನ ಕಮಿಷನ್, ಬ್ಯಾಂಕಿನ ಠೇವಣಿ, ಮೂರೂ ಒಂದೇ ದಿಕ್ಕಿಗೆ ಬೆಳೆಯುತ್ತಿದ್ದವು. ಒಬ್ಬರ ಲಾಭ ಇನ್ನೊಬ್ಬರ ನಷ್ಟವಾಗಿರಲಿಲ್ಲ.

ಇಷ್ಟಾದರೂ ದಿನವೂ ಬಿಸಿಲು ಮಳೆಯೆನ್ನದೆ ನಡೆದವನ ಸ್ಥಾನವೇನು? ಅವನು ಬ್ಯಾಂಕಿನ ನೌಕರನೇ, ಅಥವಾ ಕಮಿಷನ್ನಿಗಾಗಿ ತಿರುಗುವ ಹೊರಗಿನವನೇ? ಈ ಪ್ರಶ್ನೆ ಬಹುಕಾಲ ಉಳಿಯಿತು. ೧೯೮೮ರಲ್ಲಿ ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿ, ತಿಂಗಳಿಗೆ ಕನಿಷ್ಠ ೭,೫೦೦ ರೂಪಾಯಿಗಳ ಸಂಗ್ರಹಕ್ಕೆ ೭೫೦ ರೂಪಾಯಿಗಳ ಖಚಿತ ವೇತನವನ್ನೂ, ಅದಕ್ಕೆ ಮೇಲ್ಪಟ್ಟ ಸಂಗ್ರಹಕ್ಕೆ ನೂರಕ್ಕೆ ೨ರಂತೆ ಪ್ರೋತ್ಸಾಹಧನವನ್ನೂ ಕೊಡಬೇಕೆಂದು ತೀರ್ಮಾನಿಸಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ೨೦೦೧ರಲ್ಲಿ ಆ ಉಚ್ಚ ನ್ಯಾಯಪೀಠವು, ಇಂಥ ಠೇವಣಿ ಸಂಗ್ರಾಹಕರು ಕಾನೂನಿನ ದೃಷ್ಟಿಯಲ್ಲಿ ಕಾರ್ಮಿಕರೇ, ಅವರ ಕಮಿಷನ್ ದುಡಿಮೆಗೆ ತಕ್ಕ ವೇತನವೇ ಎಂದು ಹೇಳಿತು. ಗುರಿಗೆ ಕಟ್ಟಿದ ಪ್ರತಿಫಲದ ಕೆಳಗೆ, ಬದುಕಿಗೆ ಆಧಾರವಾದ ಒಂದು ನೆಲಗಟ್ಟು ಇರಬೇಕೆಂಬ ತತ್ವ ಈ ವ್ಯಾಜ್ಯದಲ್ಲಿ ಅಡಗಿದೆ.

ಅಂಕಿಯನ್ನು ಹಂಚುವ ಬಗೆ

ಈಗ ಒಂದು ಚಿಕ್ಕ ಲೆಕ್ಕವನ್ನು ನೋಡೋಣ. ಕುಡಿಯುವ ನೀರನ್ನು ಶುದ್ಧಮಾಡುವ ಯಂತ್ರಗಳನ್ನು ಮನೆಮನೆಗೆ ಮಾರುವ ಒಂದು ಸಂಸ್ಥೆಯನ್ನು ಕಲ್ಪಿಸಿಕೊಳ್ಳಿ. ನಾಲ್ವರು ಮಾರಾಟಗಾರರು, ತಿಂಗಳಿಗೆ ೮೦ ಯಂತ್ರಗಳು ಮಾರಾಟವಾದರೆ ಸಂಸ್ಥೆ ನಡೆಯುತ್ತದೆ. ಭಾಗಾಕಾರ ಬಲ್ಲ ಯಾವ ಬಾಲಕನೂ ತಲೆಗೆ ಇಪ್ಪತ್ತು ಎಂದುಬಿಡುತ್ತಾನೆ. ಅನೇಕ ಕಂಪನಿಗಳು ಮಾಡುವುದೂ ಅಷ್ಟೇ.

ಆದರೆ ಒಬ್ಬನ ಪಾಲಿಗೆ ಬಂದದ್ದು ಹೊಸದಾಗಿ ಮನೆಗಳು ಏಳುತ್ತಿರುವ ಬಡಾವಣೆ. ಇನ್ನೊಬ್ಬನ ಪಾಲಿಗೆ ಬಂದದ್ದು ಎಲ್ಲರ ಅಡಿಗೆಮನೆಯಲ್ಲಿಯೂ ಇಂಥ ಯಂತ್ರ ಆಗಲೇ ಇರುವ ಹಳೆಯ ಮೊಹಲ್ಲಾ. ಇಬ್ಬರಿಗೂ ಇಪ್ಪತ್ತೆಂದರೆ, ಮೊದಲಿನವನು ತಿಂಗಳ ಅರ್ಧದಲ್ಲಿ ಕೈಕಟ್ಟಿ ಕೂರುತ್ತಾನೆ, ಎರಡನೆಯವನು ಮೊದಲ ವಾರದಲ್ಲಿಯೇ ಕೈಚೆಲ್ಲುತ್ತಾನೆ. ಆದ್ದರಿಂದ ಪ್ಯಾಟರ್ಸನ್ ಮಾಡಿದಂತೆ ಸೀಮೆಯನ್ನು ತೂಗಿ ನೋಡಿ ಒಬ್ಬನಿಗೆ ೩೦, ಇನ್ನೊಬ್ಬನಿಗೆ ೧೨ ಎಂದು ನಿಗದಿ ಮಾಡಬೇಕಾದೀತು. ನಾಲ್ವರನ್ನೂ ಕೂರಿಸಿಕೊಂಡು ಲೆಕ್ಕವನ್ನು ಎದುರಿಗೆ ಹರಡಿ ಮಾತಾಡಿದರೆ ಮಾತ್ರ ಇದು ಪಕ್ಷಪಾತವೆನಿಸದೆ ನ್ಯಾಯವೆನಿಸುತ್ತದೆ.

ಇಪ್ಪತ್ತು ಯಂತ್ರಗಳೆಂಬ ಗುರಿ ಮಾರಾಟಗಾರನ ಕೈಯಲ್ಲಿ ಪೂರ್ತಿಯಾಗಿ ಇಲ್ಲ. ಕೊಳ್ಳುವುದು ಬಿಡುವುದು ಗೃಹಿಣಿಯ ಇಚ್ಛೆ. ಅವನ ಕೈಯಲ್ಲಿರುವುದು ಬಾಗಿಲು ತಟ್ಟುವುದು, ಯಂತ್ರದ ಕೆಲಸವನ್ನು ತೋರಿಸುವುದು, ಮಾತು ಕೊಟ್ಟ ದಿನ ಮರಳಿ ಹೋಗುವುದು. ಹಿಂದಿನ ಲೆಕ್ಕದಂತೆ ನೂರು ಬಾಗಿಲು ತಟ್ಟಿದರೆ ಇಪ್ಪತ್ತು ಮನೆಯವರು ಒಳಗೆ ಕರೆದು ಯಂತ್ರವನ್ನು ನೋಡುತ್ತಾರೆ, ಐವರು ಕೊಳ್ಳುತ್ತಾರೆ ಎನ್ನೋಣ. ಇಪ್ಪತ್ತು ಯಂತ್ರಗಳಿಗೆ ೪೦೦ ಬಾಗಿಲುಗಳಾದವು. ತಿಂಗಳಿಗೆ ೨೫ ಕೆಲಸದ ದಿನಗಳೆಂದರೆ ದಿನಕ್ಕೆ ೧೬ ಬಾಗಿಲು, ಮೂರು ನಾಲ್ಕು ಪ್ರದರ್ಶನ. ಕಂಪನಿಯ ಗುರಿ ಈಗ ಒಬ್ಬ ಮನುಷ್ಯ ಬೆಳಗ್ಗೆ ಎದ್ದು ಮಾಡಬಹುದಾದ ಕೆಲಸವಾಗಿ ರೂಪುಗೊಂಡಿತು.

ಇದರಿಂದ ಇನ್ನೊಂದು ಉಪಕಾರವಾಗುತ್ತದೆ. ತಿಂಗಳ ಕೊನೆಯಲ್ಲಿ ಹತ್ತೇ ಯಂತ್ರಗಳು ಮಾರಾಟವಾದವೆಂದರೆ, “ನೀನು ಸೋಮಾರಿ” ಎಂದು ಗದರಿಸುವ ಬದಲು ತಪ್ಪು ಎಲ್ಲಿದೆಯೆಂದು ಹುಡುಕಬಹುದು. ಬಾಗಿಲುಗಳೇ ಕಡಿಮೆಯಾದವೇ? ಆಗ ಅವನ ಶ್ರಮವನ್ನು ವಿಚಾರಿಸಿ. ಬಾಗಿಲುಗಳು ಸಾಕಷ್ಟಾದರೂ ಒಳಗೆ ಕರೆದವರು ಕಡಿಮೆಯೇ? ಆಗ ಅವನ ಮೊದಲ ಮಾತನ್ನು ತಿದ್ದಿ. ನೋಡಿದವರು ಬೇಕಾದಷ್ಟು, ಕೊಂಡವರೇ ಇಲ್ಲವೇ? ಆಗ ಒಂದು ದಿನ ಅವನ ಜೊತೆಯಲ್ಲಿ ಹೋಗಿ ನೋಡಿ. ದೋಷ ಅವನದಲ್ಲ, ಯಂತ್ರದ ಬೆಲೆಯದೆಂದು ತಿಳಿದೀತು. ಗುರಿ ಎಂಬುದು ವೈದ್ಯನ ಕೈಯ ನಾಡಿಯಂತೆ ರೋಗವನ್ನು ತಿಳಿಸಬೇಕು.

ಆಡಳಿತ ಶಾಸ್ತ್ರದ ಆಚಾರ್ಯರೆನಿಸಿದ ಪೀಟರ್ ಡ್ರಕ್ಕರ್ ೧೯೫೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ತತ್ವಕ್ಕೆ ಶಾಸ್ತ್ರದ ರೂಪ ಕೊಟ್ಟರು. ಪ್ರತಿಯೊಬ್ಬ ವ್ಯವಸ್ಥಾಪಕನ ಗುರಿಯೂ ಇಡೀ ಸಂಸ್ಥೆಯ ಗುರಿಯಿಂದ ಹುಟ್ಟಬೇಕು. ಅದನ್ನು ನಿರ್ಧರಿಸುವಾಗ ಅವನೂ ಪಾಲುಗೊಳ್ಳಬೇಕು. ತನ್ನ ಕೆಲಸದ ಲೆಕ್ಕ ಮೊದಲು ಅವನ ಕೈಗೇ ಸಿಕ್ಕಿ, ತನ್ನನ್ನು ತಾನೇ ತಿದ್ದಿಕೊಳ್ಳುವಂತಾಗಬೇಕು ಎಂಬುದು ಅವರ ವಾದ. ಗುರಿ ಮತ್ತು ಆತ್ಮಸಂಯಮ ಎಂಬೆರಡು ಮಾತುಗಳನ್ನು ಅವರು ಜೊತೆಯಾಗಿಯೇ ಬಳಸಿದರು. ಎರಡನೆಯ ಮಾತನ್ನು ಜಗತ್ತು ಬೇಗನೆ ಮರೆಯಿತು.

ಅತಿಯಾದ ಸಾಧನೆಯನ್ನು ಹೇಗೆ ಕಾಣಬೇಕೆಂಬುದೂ ಒಂದು ಸೂಕ್ಷ್ಮ ಪ್ರಶ್ನೆ. ಐಬಿಎಂನಲ್ಲಿ ರಾಸ್ ಪೆರೋ ಎಂಬ ಮಾರಾಟಗಾರ ೧೯೬೨ರ ಇಡೀ ವರ್ಷದ ಕೋಟಾವನ್ನು ಜನವರಿ ತಿಂಗಳು ಮುಗಿಯುವುದರೊಳಗೇ ಮುಗಿಸಿಬಿಟ್ಟ. ಕಮಿಷನ್ನಿಗೆ ಮಿತಿ ಇದ್ದುದರಿಂದ ಅವನಿಗೆ ಮುಂದೆ ಮಾಡಲು ಕೆಲಸವೇ ಇಲ್ಲದಂತಾಯಿತು. ಅದೇ ವರ್ಷ ಅವನು ಹೊರಬಂದು ತನ್ನದೇ ಕಂಪನಿಯನ್ನು ಕಟ್ಟಿದ; ಮುಂದೆ ಕೋಟ್ಯಧೀಶನಾದ. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಈ ವರ್ಷ ಹೆಚ್ಚು ಮಾರಿದವನಿಗೆ ಮುಂದಿನ ವರ್ಷ ಅದರ ಮೇಲೆ ಇನ್ನಷ್ಟು ಹೇರುವುದು. ಹೀಗಾದರೆ ಜಾಣನಾದವನು ಕೋಟಾ ತುಂಬುತ್ತಲೇ ಮಿಕ್ಕ ಗಿರಾಕಿಗಳನ್ನು ಏಪ್ರಿಲ್ ತಿಂಗಳಿಗೆ ಬಚ್ಚಿಡುತ್ತಾನೆ. ಹೆಚ್ಚು ಹಾಲು ಕೊಟ್ಟ ಹಸುವಿಗೆ ಮೇವನ್ನು ಹೆಚ್ಚಿಸದೆ ತಂಬಿಗೆಯನ್ನು ಮಾತ್ರ ದೊಡ್ಡದು ಮಾಡಿದರೆ ಅದು ಒದೆಯದೆ ಇದ್ದೀತೇ?

ಅಂಕಿಯೇ ದೇವರಾದಾಗ

ಅಮೆರಿಕದ ಪ್ರಸಿದ್ಧ ವ್ಯಾಪಾರಸಂಸ್ಥೆಯಾದ ಸಿಯರ್ಸ್, ೧೯೯೦ರ ದಶಕದ ಆದಿಯಲ್ಲಿ ತನ್ನ ಮೋಟಾರು ದುರಸ್ತಿ ಕೇಂದ್ರಗಳ ಸಿಬ್ಬಂದಿಗೆ ಗಂಟೆಗೆ ೧೪೭ ಡಾಲರುಗಳ ವಹಿವಾಟಿನ ಗುರಿಯನ್ನು ಇಟ್ಟಿತು. ದುರಸ್ತಿ ಎಂಬುದು ಕಾರಿನ ಅಗತ್ಯಕ್ಕೆ ತಕ್ಕಂತೆ ನಡೆಯಬೇಕಾದದ್ದು. ಇಲ್ಲಿ ಗಡಿಯಾರಕ್ಕೆ ತಕ್ಕಂತೆ ನಡೆಯತೊಡಗಿತು. ಸರಿಯಾಗಿದ್ದ ಭಾಗಗಳನ್ನೂ ಬದಲಿಸಿದರೆಂದು, ಮಾಡದ ಕೆಲಸಕ್ಕೂ ಹಣ ಪಡೆದರೆಂದು ದೂರುಗಳು ಎದ್ದವು. ೧೯೯೨ರಲ್ಲಿ ಕ್ಯಾಲಿಫೋರ್ನಿಯಾದ ಅಧಿಕಾರಿಗಳು ಕ್ರಮ ಕೈಗೊಂಡರು. ತಾವು ಗುರಿಗಳನ್ನು ಗೊತ್ತುಮಾಡಿದ ರೀತಿಯೇ ಇಂಥ ತಪ್ಪುಗಳಿಗೆ ಎಡೆಗೊಟ್ಟಿತೆಂದು ಸಂಸ್ಥೆಯ ಅಧ್ಯಕ್ಷ ಎಡ್ವರ್ಡ್ ಬ್ರೆನನ್ ಒಪ್ಪಿಕೊಳ್ಳಬೇಕಾಯಿತು.

ಇದಕ್ಕಿಂತ ದೊಡ್ಡ ಪಾಠವನ್ನು ವೆಲ್ಸ್ ಫಾರ್ಗೋ ಬ್ಯಾಂಕು ಕಲಿಸಿತು. ಪ್ರತಿಯೊಂದು ಕುಟುಂಬಕ್ಕೂ ಎಂಟು ಬಗೆಯ ಖಾತೆ, ಕಾರ್ಡು, ಸಾಲಗಳನ್ನು ಮಾರಬೇಕೆಂಬುದು ಅದರ ಧ್ಯೇಯ. ಎಂಟೇ ಏಕೆ? ಎಂಟು ಎಂಬರ್ಥದ ಇಂಗ್ಲಿಷ್ ಪದವು ಶ್ರೇಷ್ಠ ಎಂಬರ್ಥದ ಪದಕ್ಕೆ ಪ್ರಾಸವಾಗುತ್ತದೆಂಬ ಕಾರಣಕ್ಕೆ! ಗಿರಾಕಿಗಳ ಅಗತ್ಯದಿಂದ ಹುಟ್ಟಬೇಕಾದ ಅಂಕಿ ಹೀಗೆ ಪ್ರಾಸದಿಂದ ಹುಟ್ಟಿತು. ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಶಾಖೆಯ ಗುಮಾಸ್ತನಿಗೆ ದಿನದ ಕೋಟಾವಾಗಿ ತಲುಪಿತು. ಕೋಟಾ ತುಂಬದವನಿಗೆ ಬೈಗುಳ, ಕೆಲಸ ಹೋಗುವ ಭಯ. ಸಂಸಾರವುಳ್ಳ ಮನುಷ್ಯ ಏನು ಮಾಡಿಯಾನು? ಅನೇಕರು ಗಿರಾಕಿಗಳಿಗೆ ತಿಳಿಯದಂತೆ ಅವರ ಹೆಸರಿನಲ್ಲಿ ಖಾತೆಗಳನ್ನು ತೆರೆದರು.

೨೦೧೩ರ ಡಿಸೆಂಬರಿನಲ್ಲಿ ಲಾಸ್ ಏಂಜಲಿಸ್ ಟೈಮ್ಸ್ ಪತ್ರಿಕೆ ಈ ಒತ್ತಡವನ್ನು ಬಯಲಿಗೆಳೆಯಿತು. ೨೦೧೬ರ ಸೆಪ್ಟೆಂಬರಿನಲ್ಲಿ ಬ್ಯಾಂಕಿನ ಮೇಲೆ ೧೮.೫ ಕೋಟಿ ಡಾಲರುಗಳ ದಂಡ ಬಿದ್ದಿತು. ಅನುಮತಿಯಿಲ್ಲದೆ ತೆರೆದಿರಬಹುದಾದ ಖಾತೆಗಳ ಸಂಖ್ಯೆ ೩೫ ಲಕ್ಷದವರೆಗೆ ಇರಬಹುದೆಂದು ೨೦೧೭ರಲ್ಲಿ ಬ್ಯಾಂಕೇ ತಿಳಿಸಿತು. ಐದು ವರ್ಷಗಳಲ್ಲಿ ಸುಮಾರು ೫,೩೦೦ ಮಂದಿ ನೌಕರರು ವಜಾ ಆಗಿದ್ದರು. ಅವರಲ್ಲಿ ಬಹುಮಂದಿ ಕೆಳಗಿನ ಹಂತದವರು. ಮೇಲಿನವರಿಗೆ ಬಿಸಿ ತಟ್ಟಿದ್ದು ತಡವಾಗಿ: ಮುಖ್ಯಾಧಿಕಾರಿ ಜಾನ್ ಸ್ಟಂಫ್ ೨೦೧೬ರ ಅಕ್ಟೋಬರಿನಲ್ಲಿ ಪದವಿ ಬಿಟ್ಟರು, ೨೦೨೦ರಲ್ಲಿ ಅವರಿಗೆ ೧.೭೫ ಕೋಟಿ ಡಾಲರುಗಳ ದಂಡವೂ, ಬ್ಯಾಂಕಿಂಗ್ ಕ್ಷೇತ್ರದಿಂದ ಬಹಿಷ್ಕಾರವೂ ಆಯಿತು. ಅದೇ ವರ್ಷ ಬ್ಯಾಂಕು ೩೦೦ ಕೋಟಿ ಡಾಲರುಗಳನ್ನು ಕೊಟ್ಟು ಸರ್ಕಾರದೊಡನೆ ರಾಜಿ ಮಾಡಿಕೊಂಡಿತು. ಶಾಖೆಗಳ ನೌಕರರ ಮೇಲಿದ್ದ ಮಾರಾಟದ ಗುರಿಗಳನ್ನು ಬ್ಯಾಂಕು ಅಷ್ಟರಲ್ಲಿಯೇ ರದ್ದುಮಾಡಿತ್ತು.

ಓಕ್ಲಹೋಮಾದ ಲಾರಿ ಚಾಲಕನನ್ನೂ, ಈ ಬ್ಯಾಂಕಿನ ಗುಮಾಸ್ತನನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಿ. ಇಬ್ಬರಿಗೂ ಕಠಿಣವಾದ, ಸ್ಪಷ್ಟವಾದ ಗುರಿಯಿತ್ತು. ಒಬ್ಬನ ಗುರಿ ಅವನ ಕೈಗೆಟುಕುವಂಥದು, ಮೀರದಂತೆ ಕಾನೂನಿನ ಕಟ್ಟು ಇದ್ದಂಥದು, ತಪ್ಪಿದರೆ ದಂಡವಿಲ್ಲದ್ದು. ಇನ್ನೊಬ್ಬನ ಗುರಿ ಪರರ ಇಚ್ಛೆಯನ್ನು ಅವಲಂಬಿಸಿದ್ದು, ತಪ್ಪಿದರೆ ಅನ್ನಕ್ಕೇ ಸಂಚಕಾರ. ಮೊದಲನೆಯವನು ಲಾರಿಯನ್ನು ತುಂಬಿದ, ಎರಡನೆಯವನು ಸುಳ್ಳನ್ನು ತುಂಬಿದ.

ಮನೆಯವರಿಗೆ ನಾಲ್ಕು ಮಾತು

ಮಾರಾಟದ ಕೆಲಸಕ್ಕೆ ಮಗನನ್ನೋ ಮಗಳನ್ನೋ ಕಳುಹಿಸುವ ತಂದೆತಾಯಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: “ಸಂಬಳ ಎಷ್ಟು?” ಅದರ ಜೊತೆಗೆ ಇನ್ನು ಮೂರು ಪ್ರಶ್ನೆಗಳನ್ನು ಸೇರಿಸಿಕೊಳ್ಳುವುದು ಒಳ್ಳೆಯದು. ಸಂಬಳದಲ್ಲಿ ಖಚಿತವಾದ ಭಾಗ ಎಷ್ಟು, ಗುರಿಗೆ ಕಟ್ಟಿದ ಭಾಗ ಎಷ್ಟು? ಗುರಿಯನ್ನು ಗೊತ್ತುಮಾಡುವಾಗ ಅವರನ್ನು ಕೇಳುತ್ತಾರೆಯೇ? ಮೊದಲ ತಿಂಗಳುಗಳಲ್ಲಿ ಜೊತೆಗೆ ಬಂದು ಕಲಿಸುವವರು ಯಾರು? ಈ ಮೂರಕ್ಕೂ ನೆಟ್ಟಗೆ ಉತ್ತರ ಕೊಡುವ ಸಂಸ್ಥೆಯಲ್ಲಿ ಸಂಬಳ ಸ್ವಲ್ಪ ಕಡಿಮೆಯಾದರೂ ಮಕ್ಕಳು ನೆಮ್ಮದಿಯಿಂದ ಬಾಳುತ್ತಾರೆ. ತಿಂಗಳ ಕೊನೆಯಲ್ಲಿ ಸೋತು ಮನೆಗೆ ಬಂದವರನ್ನು, “ಪಕ್ಕದ ಮನೆಯವನಿಗೆ ಬಹುಮಾನ ಬಂತಂತೆ” ಎಂದು ಚುಚ್ಚುವುದು ಸರ್ವಥಾ ಕೂಡದು. ಹೊರಗಿನ ಕೋಟಾ ಸಾಲದೆಂದು ಮನೆಯಲ್ಲಿಯೂ ಇನ್ನೊಂದು ಕೋಟಾ ಬೇಡ.

ಬಾಗಿಲಿಗೆ ಬಂದ ಮಾರಾಟಗಾರನಲ್ಲಿ ಮರ್ಯಾದೆಯಿಂದ ನಡೆದುಕೊಳ್ಳಿ. ಆದರೆ ಮರ್ಯಾದೆಗಾಗಿ ಸಹಿ ಹಾಕಬೇಡಿ. ಅವನ ಕೋಟಾ ತುಂಬಿಸಲೆಂದು ಕೊಂಡ ವಿಮೆ ನಿಮ್ಮ ಕಷ್ಟಕಾಲಕ್ಕೆ ಒದಗುವುದೆಂಬ ಭರವಸೆಯಿಲ್ಲ. ಹಾಗೊಂದು ವೇಳೆ ದಾಕ್ಷಿಣ್ಯಕ್ಕೆ ಸಿಕ್ಕಿ ವಿಮೆ ಮಾಡಿಸಿದ್ದರೂ, ಪಾಲಿಸಿ ಪತ್ರ ಕೈಸೇರಿದ ಮೇಲೆ ೩೦ ದಿನಗಳೊಳಗೆ ಓದಿ ನೋಡಿ, ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸುವ ಅವಕಾಶವನ್ನು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮಗಳು ಕೊಟ್ಟಿವೆ. ಆ ಪತ್ರವನ್ನು ಬೀರುವಿನಲ್ಲಿ ಇಡುವ ಮುಂಚೆ ಒಂದು ಸಂಜೆ ಕುಳಿತು ಓದಿ.

ಇನ್ನು ನಾಲ್ಕೈದು ಜನರ ಮೇಲಧಿಕಾರಿಯಾಗಿ ಗುರಿಗಳನ್ನು ಹಂಚುವ ಸ್ಥಾನದಲ್ಲಿರುವ ವಾಚಕರು, ಮುಂದಿನ ವರ್ಷದ ಅಂಕಿಯನ್ನು ಪ್ರಕಟಿಸುವ ಮುನ್ನ ಒಂದು ಕೆಲಸ ಮಾಡಿ ನೋಡಲಿ. ತಮ್ಮ ಪಂಗಡದಲ್ಲಿ ಎಲ್ಲರಿಗಿಂತ ಹಿಂದುಳಿದವನ ಜೊತೆಯಲ್ಲಿ ಒಂದು ಇಡೀ ದಿನ ಬೀದಿ ಸುತ್ತಲಿ; ಅವನು ತಟ್ಟುವ ಬಾಗಿಲುಗಳನ್ನು ತಾವೂ ತಟ್ಟಲಿ. ಸಂಜೆ ಕಚೇರಿಗೆ ಮರಳಿದ ಮೇಲೆ, ಅವನ ಹೆಸರಿನ ಮುಂದೆ ಬರೆದಿಟ್ಟಿದ್ದ ಅಂಕಿಯನ್ನು ಇನ್ನೊಮ್ಮೆ ನೋಡಲಿ. ಅದನ್ನು ಹಾಗೆಯೇ ಉಳಿಸಬೇಕೆಂದು ಆಗಲೂ ಅನ್ನಿಸಿದರೆ, ಮರುದಿನ ಬೆಳಗ್ಗೆ ಅವನ ಮುಖವನ್ನು ನೇರವಾಗಿ ನೋಡಿ ಅದನ್ನು ಹೇಳುವ ಹಕ್ಕು ಅವರಿಗೆ ಬರುತ್ತದೆ.